ಕ್ಯಾರಮೆಲ್ ಅಂತ ಓದಿದ್ದು

ತಂಗಿ ಬೆಳ್ಳಗಾಗಲೆಂದು ಬ್ಯೂಟಿ ಪಾರ್ಲರ್ ನಡೆಸುವ ಅಕ್ಕ ಎರಡು ವರ್ಷ ಕೈಯಾರೆ ಅವಳ ಮುಖಕ್ಕೆ ಕ್ರೀಮು ಹಚ್ಚಿದ್ದಳು. ಮುಖವೇನೋ ಬೆಳಗಿತು, ಎರಡೂ ಕಿಡ್ನಿ ಕೈಕೊಟ್ಟವು.

ಡಾಕ್ಟರು ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳ ಮೇಲೆ ಪೆನ್ನಿಟ್ಟರು. "ಇದನ್ನ ಓದಿರ್ಲಿಲ್ವಾ?"

"ಓದಿದ್ದೆ ಸರ್. ಕ್ಯಾರಮೆಲ್. ಸಕ್ಕರೆ ಪಾಕ ತಾನೇ, ತಿಂದ್ರೂ ಏನಾಗಲ್ಲ ಅಂದ್ಕೊಂಡೆ."

"ಕ್ಯಾರಮೆಲ್ ಅಲ್ಲಮ್ಮ, ಕ್ಯಾಲೊಮೆಲ್. ಅದ್ರಲ್ಲಿರೋದು ಕಿಡ್ನಿ ಕೆಡಿಸೋ ಪಾದರಸ."

ಹಾಸಿಗೆಯಲ್ಲಿದ್ದ ತಂಗಿ ಊದಿದ ಕಣ್ಣು ತೆರೆದಳು. "ಪಾದರಸಾನಾ? ಪಾದಕ್ಕೆ ಹಚ್ಚೋದನ್ನ ಮುಖಕ್ಕೆ ಹಚ್ಚಿದ್ಯಲ್ಲೇ ಅಕ್ಕಾ!"

ಅಕ್ಕ ನಗಲಿಲ್ಲ. "ನನ್ನದೊಂದು ಕಿಡ್ನಿ ತಗೊಳ್ಳಿ ಸರ್."

ಡಾಕ್ಟರು ಕಿಡ್ನಿ ದಾನದ ಅರ್ಜಿಯನ್ನು ಅವಳ ಮುಂದಿಟ್ಟು, ಅವಳ ಬೆಳ್ಳನೆಯ ಮುಖ ನೋಡಿದರು. "ನೀವೂ ಇದನ್ನೇ ಹಚ್ತಿದ್ರಾ?"

"ದಿನಾ ಮೊದ್ಲು ನಾನು ಹಚ್ಕೊಂಡು, ಆಮೇಲೇ ಅವಳಿಗೆ. ಅವಳಿಗೇನೂ ಆಗ್ಬಾರ್ದಲ್ಲ ಸರ್."

ಡಾಕ್ಟರು ಅರ್ಜಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.