ದೇವರ ಹತ್ತಿರ ಹೋದವರ ಫೋಲ್ಡರು

ಹೋದವರ ಹೆಸರನ್ನು ಅಳಿಸುವ ಅಧಿಕಾರ ಯಾರಿಗಿದೆ ಎಂದು ಕೇಳಿದರೆ ತಿಳಿದವರು ಮೇಲಕ್ಕೆ ಕೈ ತೋರಿಸುತ್ತಾರೆ. ಲಿಫ್ಟ್ ರಿಪೇರಿ ಮಾಡುವ ಆ ಕಚೇರಿಯಲ್ಲಿ ಮಾತ್ರ ಕಿಟಕಿ ಪಕ್ಕದ ಮೇಜಿನತ್ತ ತೋರಿಸುತ್ತಿದ್ದರು. ಅಲ್ಲಿ ಕೂರುತ್ತಿದ್ದವರನ್ನು ಎಲ್ಲರೂ ವಿಳಾಸದಕ್ಕ ಎನ್ನುತ್ತಿದ್ದರು.

ಗಿರಾಕಿಗಳ, ಕೆಲಸದವರ ಹೆಸರು, ಫೋನು, ಇಮೇಲು ಎಲ್ಲ ಒಂದೇ ಫೋಲ್ಡರಿನಲ್ಲಿದ್ದವು. ಅದನ್ನು ಹದಿನಾಲ್ಕು ಕಂಪ್ಯೂಟರುಗಳು ಹಂಚಿಕೊಂಡಿದ್ದವು. ಉಳಿದವರು ಓದಬಹುದಿತ್ತು, ಅಷ್ಟೇ. ಬರೆಯುವುದೂ ಅಳಿಸುವುದೂ ಅಕ್ಕನ ಕೈಯಲ್ಲಿ. ಅವರು ಒಂದು ಕಡೆ ಅಳಿಸಿದರೆ ಹದಿನಾಲ್ಕು ಕಡೆಯೂ ಮಾಯ.

ಹೊಸದಾಗಿ ಬಂದ ಮ್ಯಾನೇಜರು ಪಟ್ಟಿ ಊದಿಕೊಂಡಿದೆ, ತೀರಿಕೊಂಡವರನ್ನೆಲ್ಲ ತೆಗೆಯಿರಿ ಎಂದರು. ಅಕ್ಕ ದೇವರನ್ನು ನೆನೆದೇ ಕಂಪ್ಯೂಟರು ಹಚ್ಚುವ ಹೆಂಗಸು, ಅಳಿಸಲು ಬೆರಳು ಬರಲಿಲ್ಲ. ಪಕ್ಕದಲ್ಲಿ ಇನ್ನೊಂದು ಫೋಲ್ಡರು ಮಾಡಿ, ‘ದೇವರ ಹತ್ತಿರ ಹೋದವರು’ ಎಂದು ಹೆಸರಿಟ್ಟು, ಮೂವತ್ತೊಂದು ಜನರನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಎಳೆದು ಕೂರಿಸಿದರು. ಅವರಲ್ಲಿ ಅಕ್ಕನ ಗಂಡನೂ ಒಬ್ಬರು. ಇದೇ ಕಚೇರಿಯ ಮೆಕ್ಯಾನಿಕ್ ಆಗಿದ್ದವರು. ಅವರ ನಂಬರಿನ ಕೆಳಗೆ ಅವರೇ ಬರೆಸಿದ್ದ ಸೂಚನೆ ಹಾಗೇ ಇತ್ತು: ‘ಊಟದ ಹೊತ್ತಿನಲ್ಲಿ ಕರೆಯಬೇಡಿ.’ ಈಗ ಯಾರೂ ಕರೆಯುತ್ತಿರಲಿಲ್ಲ. ನೆಮ್ಮದಿಯಾಗಿ ಉಣ್ಣುತ್ತಿದ್ದಿರಬೇಕು.

ಮ್ಯಾನೇಜರಿಗೆ ವಿಷಯ ತಿಳಿಯಿತು. “ಶುಕ್ರವಾರದೊಳಗೆ ಆ ಫೋಲ್ಡರ್ ತೆಗೀರಿ ಅಕ್ಕಾ. ಸತ್ತೋರು ಲಿಫ್ಟ್ ರಿಪೇರಿ ಮಾಡಿಸ್ತಾರಾ?”

“ಮೇಲಕ್ಕೆ ಹೋಗಿ ಆಯ್ತಲ್ಲ ಸಾರ್, ಇನ್ನು ಲಿಫ್ಟ್ ಯಾಕೆ ಅವ್ರಿಗೆ,” ಎಂದರು ಅಕ್ಕ.

ನಿಮ್ಮಿಂದಾಗದಿದ್ದರೆ ಆ ಅಧಿಕಾರ ತೆಗೆದುಕೊಂಡು ನಾನೇ ಅಳಿಸುತ್ತೇನೆ ಎಂದು ಮ್ಯಾನೇಜರು ಎದ್ದುಹೋದರು.

ಬುಧವಾರ ಇನ್ನೊಂದು ಸುದ್ದಿ ತಡವಾಗಿ ಬಂತು. ಹನ್ನೆರಡು ಮಹಡಿಯ ಕಟ್ಟಡದ ಯಜಮಾನರ ತಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ಇರುವುದು ಇನ್ನೆರಡೇ ದಿನವಾದರೂ ಅವರಿಗೂ ಜಾಗವಾಗಲಿ ಎಂದು ಅಕ್ಕ ಆ ಹೆಸರನ್ನು ಎಳೆದರು. ಕಣ್ಣು ಮಂಜಾಗಿತ್ತು. ಮೇಲಿನ ಸಾಲಿನಲ್ಲಿದ್ದ ಅಣ್ಣನೂ ಜೊತೆಗೇ ಹೋದದ್ದು ಕಾಣಲಿಲ್ಲ. ಆ ಅಣ್ಣನಿಗೆ ಕಚೇರಿಯವರು ಇಟ್ಟ ಹೆಸರು ಗುಡುಗು. ನಾಲ್ಕು ಲಿಫ್ಟಿನ ಗಿರಾಕಿ. ಅವರಿಗಿಂತ ದೊಡ್ಡ ಗಿರಾಕಿ ಇನ್ನೊಬ್ಬರಿರಲಿಲ್ಲ.

ಅಕ್ಕನ ಏರ್ಪಾಡಿನಂತೆ, ಆ ಫೋಲ್ಡರಿಗೆ ಹೊಸ ಹೆಸರು ಬಂದರೆ ಆ ಮನೆಗೆ ಹೂಗುಚ್ಛವನ್ನೂ ಪತ್ರವನ್ನೂ ಕಳಿಸುವುದು ಸ್ವಾಗತದ ಮೇಜಿನವಳ ಕೆಲಸ. ಎರಡು ಹೆಸರು ಕಂಡಳು, ಎರಡಕ್ಕೂ ಕಳಿಸಿದಳು. ಗುಡುಗಿನ ಪತ್ರಕ್ಕೆ ತನ್ನದೂ ಒಂದು ಸಾಲು ಸೇರಿಸಿದಳು: ‘ಅವರ ಗಂಟಲು ದೊಡ್ಡದಿತ್ತು, ಮನಸ್ಸು ಅದಕ್ಕಿಂತ ದೊಡ್ಡದಿತ್ತು.’

ಶುಕ್ರವಾರ ಮಧ್ಯಾಹ್ನ ಗುಡುಗು ಖುದ್ದಾಗಿ ಬಂದರು. ಕಚೇರಿಯ ಲಿಫ್ಟೇ ಕೆಟ್ಟಿದ್ದರಿಂದ ಮೂರು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ತಮ್ಮದೇ ಹೂಗುಚ್ಛವನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. ಮ್ಯಾನೇಜರು ಕುರ್ಚಿ ತರಲು ಓಡಿದರು.

ಅಕ್ಕ ಎದ್ದು ನಿಂತರು. “ತಪ್ಪು ನಂದು ಯಜಮಾನ್ರೇ. ನಿಮ್ಮ ತಮ್ಮನ್ನ ಎಳೆಯುವಾಗ ನೀವೂ ಹೋಗ್ಬಿಟ್ರಿ.”

“ಎಲ್ಲಿಗೆ ಹೋದೆ, ತೋರ್ಸಿ.”

ತೋರಿಸಿದರು. ಯಜಮಾನರು ಕನ್ನಡಕ ಏರಿಸಿ ಮೂವತ್ತಮೂರು ಹೆಸರನ್ನೂ ಓದಿದರು. ಅರ್ಧ ಜನ ಅವರಿಗೆ ಪರಿಚಯದವರೇ. ಮೆಕ್ಯಾನಿಕ್ಕನ ಸೂಚನೆ ಓದಿ ನಕ್ಕರು. ಒಮ್ಮೆ ಊಟದ ಹೊತ್ತಿನಲ್ಲಿ ಕರೆದು ಆತನಿಂದ ಚೆನ್ನಾಗಿ ಬೈಸಿಕೊಂಡಿದ್ದರಂತೆ. ತಮ್ಮನ ಹೆಸರು ಬಂದಾಗ ನಗು ನಿಂತಿತು. ಮನೆಯವರು ತಂತಮ್ಮ ಫೋನಿನಿಂದ ಆ ನಂಬರನ್ನು ಆಗಲೇ ಅಳಿಸಿದ್ದಾರೆ ಎಂದು ಮೆಲ್ಲಗೆ ಹೇಳಿದರು.

ಈ ಫೋಲ್ಡರು ಇವತ್ತೇ ಹೋಗುತ್ತದೆ ಎಂದು ಮ್ಯಾನೇಜರು ಸಮಾಧಾನಪಡಿಸಲು ಬಂದರು.

“ತೆಗೆದು ನೋಡಿ,” ಎಂದು ಗುಡುಗಿದರು ಯಜಮಾನರು. “ನನ್ನ ನಾಲ್ಕು ಲಿಫ್ಟೂ ಬೇರೆಯವರ ಪಾಲು.”

ಫೋಲ್ಡರು ಉಳಿಯಿತು. ಯಜಮಾನರನ್ನು ಈಚೆ ತರುವುದೊಂದು ಬಾಕಿ. ಅಕ್ಕ ಮೌಸಿನ ಮೇಲೆ ಕೈ ಇಟ್ಟಾಗ ಅವರು ಬಗ್ಗಿ ನೋಡಿದರು.

“ಮೆಲ್ಲಗೆ ಎಳೀರಿ ತಾಯಿ. ಇನ್ನೊಬ್ರು ಅಂಟ್ಕೊಂಡು ಬಂದಾರು.”

ಅಕ್ಕನ ಕೈ ಗಂಡನ ಸಾಲಿನ ಹತ್ತಿರ ಒಂದು ಗಳಿಗೆ ನಿಂತಿತು. ಆದರೆ ಊಟದ ಹೊತ್ತಾಗಿತ್ತು. ಉಣ್ಣುತ್ತಿದ್ದವರನ್ನು ಎಬ್ಬಿಸಲಿಲ್ಲ.