ಟೈಲರಮ್ಮ ಮೆತ್ತಗಾದ ಮೂರು ದಿನ

ಟೈಲರಮ್ಮನ ಬಾಯಿಗೆ ಹೆದರದವನು ಬೀದಿಗೆಲ್ಲ ಅವಳ ಗಂಡನೊಬ್ಬನೇ. ಬೆಳಿಗ್ಗೆ ಹಾಸಿಗೆಯ ಮೇಲೆ ಎಸೆದ ಒದ್ದೆ ಟವೆಲ್ಲಿಗೆ ಒಂದು ಸುತ್ತು, ಸಂಜೆ ತಡವಾಗಿ ಬಂದದ್ದಕ್ಕೆ ಇನ್ನೊಂದು ಸುತ್ತು. ಹೀಗೆ ಇಪ್ಪತ್ತೇಳು ವರ್ಷ ಬೈಸಿಕೊಂಡು ಆ ಬೀಗ ರಿಪೇರಿಯವನು ಹಾಯಾಗಿದ್ದ.

ಅವನ ಮೆದುಳಿಗೆ ರಕ್ತ ಒಯ್ಯುವ ನಾಳಗಳು ಮಾತ್ರ ವರ್ಷಗಳಿಂದ ಸದ್ದಿಲ್ಲದೆ ಕಿರಿದಾಗುತ್ತ ಬಂದಿದ್ದವು. ಕೈ ಜೋಮು ಹಿಡಿಯುವುದು, ಹತ್ತು ನಿಮಿಷ ಮಾತು ತೊದಲುವುದು, ಮತ್ತೆ ಏನೂ ಆಗಿಯೇ ಇಲ್ಲವೆಂಬಂತೆ ಸರಿಹೋಗುವುದು. ಕೊನೆಗೆ ಡಾಕ್ಟರು ಬೈಪಾಸ್ ಆಗಲೇಬೇಕು ಎಂದರು. ಕಿವಿಯ ಮುಂದಿನಿಂದ ನೆತ್ತಿಗೆ ಹೋಗುವ ರಕ್ತನಾಳವನ್ನು ಬಿಡಿಸಿ, ತಲೆಬುರುಡೆಯೊಳಗೆ ಇಳಿಸಿ, ಮೆದುಳಿನ ನಾಳಕ್ಕೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿಯುವುದು. ಬೇರೆಯವರಾದರೆ ಕೇಳಿಯೇ ಬೆವರುತ್ತಿದ್ದರು. ಟೈಲರಮ್ಮ, "ಎಷ್ಟು ಹೊಲಿಗೆ? ಒಂದೊಂದಕ್ಕೂ ಗಂಟು ಹಾಕ್ತೀರಾ?" ಎಂದು ವಿಚಾರಿಸಿದಳು.

"ಹತ್ತು ಹೊಲಿಗೆ. ಒಂದೊಂದಕ್ಕೂ ಬೇರೆ ಗಂಟು."

ಅವಳಿಗೆ ಸಮಾಧಾನವಾಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಐಸಿಯು ಬಾಗಿಲಲ್ಲಿ ಡಾಕ್ಟರು ಎಚ್ಚರಿಸಿದರು: "ಇನ್ನೇನಿದ್ರೂ ಬಿಪಿ ಕಾಯೋದೇ ಕೆಲಸ. ಏರಿದ್ರೆ ಹೊಸ ದಾರೀಲಿ ರಕ್ತ ನುಗ್ಗಿ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಇಳಿದ್ರೆ ಮೆದುಳಿಗೆ ರಕ್ತ ಸಾಲಲ್ಲ. ಮೇಲಿನ ಅಂಕಿ ನೂರಹತ್ತರಿಂದ ನೂರಮೂವತ್ತರ ಒಳಗೇ ಇರಬೇಕು. ಅವರಿಗೆ ಸಿಟ್ಟು, ಗಾಬರಿ ಆಗೋ ಹಾಗೆ ಮಾತಾಡಬೇಡಿ."

ಅಷ್ಟೇ ಸಾಕಾಯಿತು, ಟೈಲರಮ್ಮ ಬೆಣ್ಣೆಯಾದಳು. "ರೀ, ನೀರು ಕುಡೀತೀರಾ? ದಿಂಬು ಸರಿ ಮಾಡ್ಲಾ? ನೀವು ಹೇಗೆ ಹೇಳ್ತೀರೋ ಹಾಗೆ." ಅವನು ಲೋಟದ ನೀರನ್ನೆಲ್ಲ ಹೊದಿಕೆಯ ಮೇಲೆ ಚೆಲ್ಲಿಕೊಂಡ. "ಪರವಾಗಿಲ್ಲ ಬಿಡಿ" ಎಂದಳು. ಆ ಮಾತು ಅವಳ ಬಾಯಲ್ಲಿ ಹುಟ್ಟಿದ್ದೇ ಅಂದು. ಮಂಚದ ಪಕ್ಕದ ಮಾನಿಟರ್ ಪರದೆಯ ಮೇಲೆ ಬಿಪಿಯ ಅಂಕಿ ನೂರೈವತ್ತಕ್ಕೆ ಹಾರಿತು.

ಮೂರು ದಿನವೂ ಅದೇ ಪಾಡು. ಅವಳು ಬಂದರೆ ಏರುವುದು, ಹೋದರೆ ಇಳಿಯುವುದು. ಮೂರನೆಯ ಮಧ್ಯಾಹ್ನ ನರ್ಸು ಅವಳನ್ನು ಹೊರಗೆ ಕರೆದಳು.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನೀವು ಬಂದಾಗ ಮಾತ್ರ ಬಿಪಿ ಏರುತ್ತೆ. ಔಷಧಿ ಜಾಸ್ತಿ ಮಾಡಿದ್ರೆ ನೀವು ಹೋದ ಮೇಲೆ ತೀರಾ ಇಳಿದುಬಿಡುತ್ತೆ. ಒಂದೆರಡು ದಿನ ಬರಬೇಡಿ ಅಂತಿದ್ದಾರೆ ಡಾಕ್ಟರು."

ಇಷ್ಟು ವರ್ಷ ಬೈದದ್ದೆಲ್ಲ ಅವನೊಳಗೆ ಗಂಟುಕಟ್ಟಿಕೊಂಡು ಕೂತಿತ್ತೇ? ಎಂದುಕೊಂಡಳು ಟೈಲರಮ್ಮ. "ಅವರು ಉಳಿದ್ರೆ ಸಾಕಮ್ಮಾ. ಬರಲ್ಲ" ಎಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದಳು.

ನರ್ಸು ಒಳಗೆ ಹೋದಳು. ಅರ್ಧ ತೆರೆದ ಬಾಗಿಲಿನಿಂದ ಗಂಡನ ದನಿ ಕೇಳಿಸಿತು.

"ಸಿಸ್ಟರ್, ಮುಚ್ಚಿಡಬೇಡಿ. ನಂಗಿನ್ನು ಎಷ್ಟು ದಿನ ಇದೆ?"

"ಅಯ್ಯೋ! ಯಾರು ಹೇಳಿದ್ರು ನಿಮಗೆ ಹಾಗಂತ?"

"ಯಾರು ಹೇಳ್ಬೇಕು? ನೀರು ಚೆಲ್ಲಿದ್ರೆ ನನ್ನ ಹೆಂಡ್ತಿ ಪರವಾಗಿಲ್ಲ ಅಂತಾಳೆ! ಮೂರು ದಿನದಿಂದ ಒಂದೇ ಒಂದು ಸಲ ಬೈದಿಲ್ಲ. ಡಾಕ್ಟರು ಅವಳಿಗೆ ಎಲ್ಲಾ ಹೇಳಿಬಿಟ್ಟಿದ್ದಾರೆ."

ಟೈಲರಮ್ಮ ಬೆಂಚಿನಿಂದ ಎದ್ದದ್ದೂ ಗೊತ್ತಾಗಲಿಲ್ಲ, ಮಂಚದ ಪಕ್ಕ ನಿಂತಿದ್ದಳು.

"ತಲೆ ಕೆಟ್ಟಿದೆಯೇನ್ರೀ ನಿಮಗೆ? ಊರಿನ ಬೀಗವೆಲ್ಲ ತೆಗೀತೀರಿ, ಸ್ವಂತ ಬಾಯಿ ತೆಗೆದು ನನ್ನ ಕೇಳೋಕೆ ಏನಾಗಿತ್ತು ಧಾಡಿ? ಕೈ ಜೋಮು ಹಿಡಿದಾಗಲೂ ಒಂದು ವರ್ಷ ಮುಚ್ಚಿಟ್ರಿ! ಮೂರು ದಿನದಿಂದ ನಾಲಿಗೆ ಕಚ್ಕೊಂಡು ಒದ್ದಾಡ್ತಿದೀನಿ ನಾನಿಲ್ಲಿ!"

ತಡೆಯಲು ಬಂದ ನರ್ಸಿನ ಕಣ್ಣು ಪರದೆಯ ಮೇಲೆ ಬಿತ್ತು. ನೂರ ನಲವತ್ತೆಂಟು. ಇನ್ನೊಂದಷ್ಟು ಬೈಗುಳ. ನೂರ ಮೂವತ್ತೊಂಬತ್ತು. ಟೈಲರಮ್ಮ ಒದ್ದೆ ಟವೆಲ್ಲಿನ ವಿಷಯಕ್ಕೆ ಬರುವ ಹೊತ್ತಿಗೆ ನೂರ ಇಪ್ಪತ್ತಾರು. ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ನಿಂತಳು.

"ಹಾಗಾದ್ರೆ ನಾನು ಸಾಯಲ್ವೇನೇ?" ಎಂದ ಗಂಡ, ಮುಖವೆಲ್ಲ ಅರಳಿಸಿ.

"ಸಾಯೋಕೆ ನಾನು ಬಿಟ್ಟರೆ ತಾನೆ?"

ಅವನು ನಗುತ್ತಲೇ ನಿದ್ದೆಹೋದ. ಟೈಲರಮ್ಮ ದನಿ ತಗ್ಗಿಸಿದಳೇ ಹೊರತು ನಿಲ್ಲಿಸಲಿಲ್ಲ. ಕಣ್ಣಿಂದ ದಳದಳ ನೀರು ಸುರಿಯುತ್ತಿದ್ದರೂ ಪಿಸುದನಿಯಲ್ಲಿ ಬೈಯುತ್ತಲೇ ಇದ್ದಳು. ಭೇಟಿಯ ಹೊತ್ತು ಮುಗಿದರೂ ನರ್ಸು ಸಾಕು ಅನ್ನಲಿಲ್ಲ.