ಡಿಕ್ಕಿಯೊಳಗಿನ ಹಳದಿ ಗುರುತು

ಹೆಂಡತಿ ವರ್ನಾಳನ್ನು ಮಣ್ಣು ಮಾಡಿ ಬಂದ ಮರುವಾರವೇ ನಾನು ಗಾಡಿ ಬಿಚ್ಚಲು ಕೂತೆ. ಓಹಾಯೋದ ಮಾರ್ಚ್ ತಿಂಗಳು, ಷೆಡ್ಡಿನೊಳಗೆ ಉಸಿರು ಬಿಟ್ಟರೆ ಹೊಗೆ ಕಾಣುವಷ್ಟು ಚಳಿ. ಅಕ್ಕಪಕ್ಕದವರು ತಂದಿಟ್ಟ ಬೇಯಿಸಿದ ಆಲೂಗಡ್ಡೆಯ ಪಾತ್ರೆಗಳು ಅಡುಗೆಮನೆಯಲ್ಲಿ ಹಾಗೇ ಕೂತಿದ್ದವು. ಯಾವ ಪಾತ್ರೆ ಯಾರದು ಎಂದು ಕೂಡ ಕೇಳಿಟ್ಟುಕೊಂಡಿರಲಿಲ್ಲ.

ಅಳು ಬರಲಿಲ್ಲ. ಬರಲಿ ಎಂದು ಕಾದೆ. ನಲವತ್ತೊಂದು ವರ್ಷ ಒಂದೇ ಸೂರಿನಡಿ ಇದ್ದ ಹೆಂಗಸು ಹೋದರೆ ಏನಾದರೂ ಆಗಬೇಕಲ್ಲ? ಏನೂ ಆಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಇಡೀ ಮೈ ಹಾಗಿತ್ತು. ಕೈಗೆ ಮಾತ್ರ ಕೆಲಸ ಗೊತ್ತಿತ್ತು, ಹಾಗಾಗಿ ಕೈ ಹೇಳಿದಂತೆ ನಡೆದೆ.

ಗಾಡಿ 1964ರದ್ದು. ಎರಡು ಬಾಗಿಲು, ನೀಲಿ ಬಣ್ಣ. ಕಂಪನಿಯ ಹೆಸರು ಹೇಳುವುದಿಲ್ಲ. ಬಲ್ಲವರು ಈಗಾಗಲೇ ಊಹಿಸಿರುತ್ತಾರೆ, ಉಳಿದವರಿಗೆ ತಿಳಿದು ಆಗಬೇಕಾದ್ದೇನೂ ಇಲ್ಲ. ಮದುವೆಯಾದ ಹೊಸದರಲ್ಲಿ ಲೈಮಾ ಊರಿನ ಒಬ್ಬ ಮೇಷ್ಟ್ರಿಂದ ಕೊಂಡದ್ದು. ಬಾನೆಟ್ಟಿನ ಕೆಳಗಿನದೆಲ್ಲ ನನ್ನದು, ಡಿಕ್ಕಿ ವರ್ನಾಳದ್ದು ಎಂದು ಮೊದಲ ದಿನವೇ ನಮ್ಮಲ್ಲಿ ಪಾಲಾಗಿತ್ತು. ಭಾನುವಾರ ಕೆರೆದಂಡೆಗೆ ಹೋಗುವಾಗ ಬುಟ್ಟಿ, ಕಂಬಳಿ, ಮಡಚುವ ಕುರ್ಚಿ ಎಲ್ಲ ಅವಳ ಲೆಕ್ಕದಲ್ಲೇ ಒಳಗೆ ಹೋಗಬೇಕು. ನಾನು ಒಂದು ಸ್ಪಾನರ್ ಇಟ್ಟರೂ ತೆಗೆದು ಹೊರಗಿಡುತ್ತಿದ್ದಳು. ಹಾಗೆಯೇ ಗಾಡಿಯ ರಿಪೇರಿಗೆ ನನ್ನನ್ನು ಬಿಟ್ಟು ಇನ್ನೊಬ್ಬರ ಕೈ ತಾಗಕೂಡದೆಂಬುದು ನನ್ನ ಕಟ್ಟಪ್ಪಣೆ.

ನಮ್ಮ ಹಳೆಗಾಡಿ ಸಂಘದವರ ಹುಚ್ಚು ಎಂಥದ್ದು ಎಂದು ಇಲ್ಲಿ ಹೇಳಿಬಿಡಬೇಕು. ಗಾಡಿ ಹೊಳೆಯಬೇಕು ಎನ್ನುವುದು ಎಳಸುಗಳ ಹುಚ್ಚು. ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೇ ಇರಬೇಕು ಎನ್ನುವುದು ನಮ್ಮದು. ಅಂದು ಬಣ್ಣ ಬಳಿಯುವವನು ಅವಸರದಲ್ಲಿ ಒಂದು ಕಡೆ ಸೋರಿಸಿದ್ದರೆ ಇಂದು ನಾವೂ ಅಷ್ಟೇ ಸೋರಿಸುತ್ತೇವೆ. ಅಂದಿನ ತಪಾಸಣೆಯವರು ಮೇಣದ ಪೆನ್ಸಿಲಿನಿಂದ ಅಲ್ಲಲ್ಲಿ ಗೀಚಿದ ಗೀಟು, ಸೊನ್ನೆ, ಅಡ್ಡಗೆರೆಗಳನ್ನು ಕೂಡ ಹುಡುಕಿ, ಫೋಟೋ ತೆಗೆದು, ಹೊಸ ಬಣ್ಣದ ಮೇಲೆ ಅದೇ ಜಾಗದಲ್ಲಿ ಅದೇ ಓರೆಯಲ್ಲಿ ಮತ್ತೆ ಬರೆಯುತ್ತೇವೆ. ಗುರುತುಗಳ ಪುಸ್ತಕವೇ ಉಂಟು. ಅದನ್ನು ಬರೆದವನು ನಾನು, ಲೀಲಂಡ್ ಕೋವಾರಿಕ್. ನಲವತ್ತು ವರ್ಷ ಲೋಹದ ಅಚ್ಚು ಮಾಡುವ ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿದು ಸಂಬಳ ತಿಂದವನು. ಗುರುತುಗಳ ವಿಷಯದಲ್ಲಿ ನನ್ನ ಮಾತೇ ಕೊನೆ.

ಆ ಚಳಿಯಲ್ಲಿ ಡಿಕ್ಕಿಯ ರಬ್ಬರ್ ಚಾಪೆ ಕಿತ್ತೆ. ಬಲಮೂಲೆಯಲ್ಲಿ, ಸ್ಟೆಪ್ನಿಯ ಕೆಳಗೆ, ಎರಡು ತಗಡು ಕೂಡುವ ಬೆಸುಗೆಯ ಮೇಲೆ ಗೇಣುದ್ದ ಕಪ್ಪು ಅಂಟು ಸವರಿತ್ತು. ಪಕ್ಕದಲ್ಲಿ ಹಳದಿ ಮೇಣದ ಗುರುತು: ಅರ್ಧಚಂದ್ರ, ಅದರ ಮೇಲೊಂದು ಚಿಕ್ಕ ಗೀಟು. ಪುಸ್ತಕದಲ್ಲಿ ಇಲ್ಲದ್ದು. ನನ್ನ ಎದೆ ಹೊಡೆದುಕೊಂಡಿತು ಎಂದರೆ ಸುಳ್ಳಾಗುತ್ತದೆ. ಆದರೆ ಅಂದು ರಾತ್ರಿ ಆಲೂಗಡ್ಡೆ ಬಿಸಿ ಮಾಡಿ ತಿಂದೆ.

ಹನ್ನೆರಡು ಫೋಟೋ ತೆಗೆದೆ. ಅಳತೆ ತೆಗೆದುಕೊಂಡೆ. ಸಂಘದ ಪತ್ರಿಕೆಗೆ ಎರಡು ಪುಟ ಬರೆದೆ: ಇದು ಸೋರಿಕೆ ಪರೀಕ್ಷೆಯ ಗುರುತು, ಇದುವರೆಗೆ ಯಾರೂ ಗಮನಿಸದ್ದು, ಅಂಟನ್ನು ಬೆರಳಿನಿಂದ ಸವರಲಾಗಿದೆ, ಬೆರಳು ಸಣ್ಣದು, ಆ ಜಾಗದ ಕೆಲಸಗಾರರು ಹೆಂಗಸಾಗಿರಬಹುದು. ಆಮೇಲೆ ಹಳೆಯ ಬಣ್ಣ, ಅಂಟು, ಗುರುತು ಎಲ್ಲ ಹೋಗುವ ಹಾಗೆ ತಗಡಿಗೆ ಮರಳು ಹೊಡೆಸಿ ಬೆತ್ತಲೆ ಮಾಡಿ ಹೊಸ ಬಣ್ಣ ಹಾಕಿಸಿದೆ. ಅಂಟನ್ನು ನನ್ನ ಕಿರುಬೆರಳಿನಿಂದ ಸವರಿದೆ. ಗುರುತನ್ನು ರಟ್ಟಿನ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿದೆ. ಆ ಗೀಟು ಕೆಳಗಿನಿಂದ ಮೇಲಕ್ಕೆ ಎಳೆದದ್ದೆಂದು ತಿಳಿಯಲು ಎರಡು ದಿನ ಹಿಡಿಯಿತು. ಕೈ ಕೂತ ಮೇಲೆ ಡಿಕ್ಕಿಯಲ್ಲಿ ಬರೆದೆ. ಫೋಟೋದ ಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೇ ಗೊತ್ತಾಗದಷ್ಟು ಸರಿಯಾಗಿ ಬಂದಿತ್ತು.

ಮುಂದಿನದು ನಮ್ಮ ಜನಕ್ಕೆ ಹೇಳಬೇಕಾದ್ದೇ ಇಲ್ಲ. ಒಬ್ಬರು ಹಾಕಿದರೆ ಎಲ್ಲರೂ ಹಾಕಬೇಕು. ಮರುವರ್ಷವೇ ಸಂಘ ಅದನ್ನು ವರ್ಷವರ್ಷದ ಗಾಡಿ ಮೇಳದಲ್ಲಿ ಅಂಕ ಕೊಡುವ ತೀರ್ಪಿನ ಪಟ್ಟಿಗೆ ಸೇರಿಸಿತು. ಮೂರನೆಯ ವರ್ಷದ ಹೊತ್ತಿಗೆ ನನಗೆ ಗೊತ್ತಿದ್ದ ಹಾಗೆ ಮೂವತ್ತೆಂಟು ಗಾಡಿಗಳಲ್ಲಿ ಆ ಅರ್ಧಚಂದ್ರ ಕೂತಿತ್ತು. ಬೆರಳು ದಪ್ಪಗಿದ್ದ ಗಂಡಸರು ಹೆಂಡತಿಯರನ್ನು ಕಾಡಿಬೇಡಿ ಅಂಟು ಸವರಿಸಿಕೊಂಡರು. ಟೊಲೀಡೊದ ಆರ್ಲೀನ್ ಸಾಬೋ ಮಾತ್ರ ತನ್ನ ಬಿಳಿ ಗಾಡಿಗೆ ತಾನೇ ಸವರಿ, ಕೊನೆಗೂ ಈ ಹವ್ಯಾಸದಲ್ಲಿ ಗಂಡಸರ ಕೈಲಾಗದ ಒಂದು ಕೆಲಸ ಸಿಕ್ಕಿತು ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಈ ಜುಲೈನಲ್ಲಿ ಮೇಳಕ್ಕೆ ಒಂದು ವಾರವಿದ್ದಾಗ ನೆಲಮಾಳಿಗೆಯಲ್ಲಿ ನೀರಿನ ಪೈಪು ತೊಟ್ಟಿಕ್ಕತೊಡಗಿತು. ಅದನ್ನು ಮುಟ್ಟಬೇಕೆಂದರೆ ವರ್ನಾಳ ಕಪಾಟು ಸರಿಸಬೇಕು. ಮೂರು ವರ್ಷದಿಂದ ಅದರ ಪರದೆ ಎತ್ತಿರಲಿಲ್ಲ. ಒಳಗೆ ಸಾಲಾಗಿ ಗಾಜಿನ ಭರಣಿಗಳು, ಅವಳು ಕೊನೆಯ ಬಾರಿ ಹಾಕಿಟ್ಟ ಪೀಚ್ ಹಣ್ಣು. ಪ್ರತಿ ಮುಚ್ಚಳದ ಮೇಲೂ ಹಳದಿ ಮೇಣದಲ್ಲಿ ಅರ್ಧಚಂದ್ರ, ಅದರ ಮೇಲೊಂದು ಚಿಕ್ಕ ಗೀಟು.

ಹಣ್ಣು ತುಂಬಿ ಕುದಿಸಿದ ಭರಣಿ ಆರಿದ ಮೇಲೆ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಟಕ್ ಎನ್ನದಿದ್ದರೆ ಗಾಳಿ ಹೋಗದಂತೆ ಕೂತಿದೆ ಎಂದು ಅರ್ಥ. ಆಗ ಈ ಗುರುತು. ನಲವತ್ತೊಂದು ವರ್ಷ, ಪ್ರತಿ ಸೆಪ್ಟೆಂಬರ್, ನಾನು ಅದೇ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿರುತ್ತಿದ್ದೆ.

ಡಿಕ್ಕಿಯ ಬಲಮೂಲೆ ಮಳೆಗೆ ಸೋರುತ್ತಿದ್ದುದು ಆಗ ನೆನಪಾಯಿತು. ಅವಳ ಕಂಬಳಿಗೆ ಬೂಷ್ಟು ಹಿಡಿದಿತ್ತು. ಮುಂದಿನ ಶನಿವಾರ ಸರಿಮಾಡುತ್ತೇನೆ ಎಂದು ನಾನು ನಾಲ್ಕು ವರ್ಷ ಹೇಳಿದೆ. 1983ರಲ್ಲಿ ಮೂರು ತಿಂಗಳು ಬೇರೆ ಊರಿನ ಕಾರ್ಖಾನೆಗೆ ಹೋಗಿ ಬಂದೆ. ಬಂದು ನೋಡಿದರೆ ಸೋರಿಕೆ ನಿಂತಿತ್ತು. ಬಿಟ್ಟರೆ ತಾನೇ ಸರಿಹೋಗುತ್ತೆ ಅಂತ ನಾನು ಹೇಳಿರಲಿಲ್ಲವಾ ಎಂದು ಜಂಬ ಕೊಚ್ಚಿಕೊಂಡೆ. ಅವಳು ‘ಹೌದು, ಹೇಳಿದ್ರಿ’ ಎಂದು ಪಾತ್ರೆ ತೊಳೆಯುತ್ತಲೇ ಇದ್ದಳು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಆಗಲೂ ಅಳಲಿಲ್ಲ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಒಂದೇ ವಿಷಯ ಯೋಚಿಸಿದೆ. ಹೇಳಿದರೆ ಸಂಘದವರು ಮೂವತ್ತೆಂಟು ಗಾಡಿಗಳಿಂದ ಅದನ್ನು ಒರೆಸಿಹಾಕುತ್ತಾರೆ. ಹೇಳದಿದ್ದರೆ ಅವಳು ಇಂಡಿಯಾನಾ, ಮಿಷಿಗನ್, ಪೆನ್ಸಿಲ್ವೇನಿಯಾ ಎಲ್ಲ ಕಡೆ ಯಾರ‍್ಯಾರದೋ ಡಿಕ್ಕಿಯಲ್ಲಿ ಇದ್ದೇ ಇರುತ್ತಾಳೆ. ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಮೂರು ವರ್ಷಗಳಲ್ಲಿ ನನಗೇ ಬೇಕೆನಿಸಿದ ಮೊದಲ ಸಂಗತಿ ಅದು.

ಮೇಳ ನಡೆದದ್ದು ಇಂಡಿಯಾನಾದ ಒಂದು ಮೈದಾನದಲ್ಲಿ. ಹುಲ್ಲಿನ ಮೇಲೆ ಸಾಲಾಗಿ ಗಾಡಿಗಳು, ಪ್ರತಿ ಗಾಡಿಯ ಹಿಂದೆ ಮಡಚುವ ಕುರ್ಚಿಯಲ್ಲಿ ಅದರ ಒಡೆಯ. ಮುಖ್ಯ ತೀರ್ಪುಗಾರ ಡ್ವೇಯ್ನ್ ಪ್ರೂಯೆಟ್, ಅವನ ಜೊತೆ ನಾನು. ಮಧ್ಯಾಹ್ನದ ಹೊತ್ತಿಗೆ ಮರ್ಲ್ ಹೊಸ್ಟೆಟ್ಲರ್ ಅವರ ಗಾಡಿಗೆ ಬಂದೆವು. ಎಂಬತ್ತೊಂದು ವರ್ಷದ ಮುದುಕರು, ಹಾಲಿನ ವ್ಯಾಪಾರ ಮಾಡಿಕೊಂಡಿದ್ದವರು. 1964ರಲ್ಲಿ ಹೊಸದಾಗಿ ಕೊಂಡ ಗಾಡಿಯನ್ನು ಒಂದು ಸ್ಕ್ರೂ ಕೂಡ ಬಿಚ್ಚದೆ ಇಟ್ಟುಕೊಂಡಿದ್ದರು. ಯಾರೂ ಮುಟ್ಟದ ಗಾಡಿಗೆಂದೇ ನಮ್ಮಲ್ಲಿ ಬೇರೆ ವರ್ಗವಿದೆ. ಅದಕ್ಕೆ ಸೇರಬೇಕೆಂದರೆ ಒಡೆಯನೇ ಪ್ರಮಾಣ ಮಾಡಿ ಸಹಿ ಹಾಕಬೇಕು. ಅವರು ಹಾಕಿದ್ದರು.

ಡ್ವೇಯ್ನ್ ಚಾಪೆ ಎತ್ತಿದ. ಅಂಟೂ ಇರಲಿಲ್ಲ, ಗುರುತೂ ಇರಲಿಲ್ಲ. ಅವನು ಬಗ್ಗಿ, ಟಾರ್ಚು ಬಿಟ್ಟು, ನನ್ನ ಮುಖ ನೋಡಿದ. ನಾನು ನನ್ನ ಹಾಳೆ ನೋಡಿಕೊಂಡೆ.

ಡಿಕ್ಕಿಯ ತಳ ಬದಲಾಯಿಸಿದ ಹಾಗೆ ಕಾಣುತ್ತಿದೆ ಎಂದು ಅವನು ಆದಷ್ಟು ಮೆತ್ತಗೆ ಹೇಳಿದ. ಪುಸ್ತಕ ತೆರೆದು ನನ್ನ ಎರಡು ಪುಟಗಳನ್ನು ತೋರಿಸಿದ. ಮುಟ್ಟದ ಗಾಡಿಗಳ ವರ್ಗದಿಂದ ಇದನ್ನು ತೆಗೆಯಬೇಕಾಗುತ್ತದೆ, ಪ್ರಮಾಣಪತ್ರದ ಮೇಲೂ ತಪ್ಪು ಹೇಳಿಕೆ ಎಂದು ಬರೆದು ನಿಮ್ಮ ಸಹಿ ಪಡೆಯಬೇಕಾಗುತ್ತದೆ ಎಂದ. ಮುದುಕರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಜಗಳ ಆಡಲಿ ಎಂದು ನಾನು ಕಾದೆ. ಆಡಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ.

‘ನೋಡಪ್ಪ, ಯಾರ ಕೈಗೂ ಕೊಟ್ಟಿಲ್ಲ ಅಂತ್ಲೇ ನಾನು ಅಂದ್ಕೊಂಡಿದ್ದೆ’ ಎಂದರು. ‘ಈಚೆಗೆ ನಂಗೆ ಮರೆವು ಜಾಸ್ತಿ. ಮಗಳೂ ಅದನ್ನೇ ಹೇಳ್ತಾಳೆ. ಎಲ್ಲೋ ಕೊಟ್ಟು ಮರ‍್ತಿದ್ದೀನೇನೋ. ನೀವು ತಿಳ್ಕೊಂಡೋರು. ಎಲ್ಲಿ ಸಹಿ ಹಾಕ್ಬೇಕು ತೋರ‍್ಸಿ.’

ಡ್ವೇಯ್ನ್ ಪೆನ್ನು ಕೊಟ್ಟ. ಅವರು ಗಾಡಿಯ ಮೇಲೆ ಒತ್ತು ಬೀಳದ ಹಾಗೆ ಹಾಳೆಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡರು. ತಾವು ಬಾಳಿದ್ದನ್ನೇ ಸುಳ್ಳೆಂದು ಒಪ್ಪಿಕೊಂಡು ಸಹಿ ಹಾಕಲು ಹೊರಟಿದ್ದರು, ನಾನು ಬರೆದ ಎರಡು ಪುಟ ನಂಬಿಕೊಂಡು.

‘ಹಾಕ್ಬೇಡಿ’ ಎಂದೆ. ‘ಡ್ವೇಯ್ನ್, ಹೊಡೆದುಹಾಕು ಅದನ್ನ. ಆ ಗುರುತು ಕಾರ್ಖಾನೇದಲ್ಲ.’

‘ಮತ್ಯಾರ‍್ದು?’

‘ವರ್ನಾದು.’

ಭರಣಿ, ಸೋರಿಕೆ, 1983, ಎಲ್ಲ ಹೇಳಿದೆ. ಹೇಳುವಾಗ ಬೇರೆ ಯಾರದೋ ಗಾಡಿಯ ತಪ್ಪು ಓದಿ ಹೇಳುವ ದನಿಯೇ ಬಂತು. ಅಕ್ಕಪಕ್ಕದ ಕುರ್ಚಿಗಳವರು ಎದ್ದು ಬಂದು ಸುತ್ತ ನಿಂತರು. ಡ್ವೇಯ್ನ್ ಟೋಪಿ ತೆಗೆದು ತಲೆ ಕೆರೆದುಕೊಂಡ.

‘ಅಲ್ಲ ಕಣಯ್ಯ, ಸಣ್ಣ ಬೆರಳೇ ಬೇಕು ಅಂತ ನೀನು ಬರೆದಿದ್ದೆ. ನನ್ನ ಹೆಂಡ್ತಿ ಉಗುರಿಗೆ ಮೆತ್ಕೊಂಡ ಅಂಟು ಹದಿನೈದು ದಿನ ಹೋಗ್ಲಿಲ್ಲ. ಇವತ್ತು ಮನೇಗೆ ಹೋಗಿ ಏನಂತ ಹೇಳ್ಲಿ ನಾನು?’

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಡ್ವೇಯ್ನ್ ಒಳ್ಳೆಯವನು, ನನಗೊಂದು ದಾರಿ ಮಾಡಿಕೊಡಲು ನೋಡಿದ. ಅವಳು ಬರೆದ ಆ ಮೂಲ ಗುರುತು ಇದ್ದರೆ ತಂದು ತೋರಿಸು, ಭರಣಿಯ ಮುಚ್ಚಳದ ಜೊತೆ ಹೋಲಿಸಿ ನೋಡೋಣ, ನೀನೇ ತಪ್ಪು ತಿಳಿದಿರಬಹುದು ಎಂದ.

‘ಅದಿಲ್ಲ. ಮರಳು ಹೊಡೆಸಿ ತೆಗೆಸ್ದೆ.’

ಈ ಗಾಡಿಗಳ ಕಾರ್ಖಾನೆಯಲ್ಲಿ 1964ರಲ್ಲಿ ಕೆಲಸ ಮಾಡಿದ ಮೂವರು ತಪಾಸಣೆಯವರ ಕೈ ನನಗೆ ಗೊತ್ತು. ಒಬ್ಬನು ಎಡಗೈಯವನು, ಒಬ್ಬನಿಗೆ ಪೆನ್ಸಿಲು ಒತ್ತುವ ಚಾಳಿ. ಅವರ ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ, ಆದರೂ ಕತ್ತಲಲ್ಲಿ ತೋರಿಸಿದರೂ ಇಂಥವನ ಕೈ ಎಂದು ಹೇಳಬಲ್ಲೆ. ನನ್ನ ಹೆಂಡತಿಯ ಕೈಯನ್ನು ನಾಲ್ಕು ದಿನ ರಟ್ಟಿನ ಮೇಲೆ ತಿದ್ದಿದೆ, ಗುರುತು ಹಿಡಿಯಲಿಲ್ಲ. ಅದನ್ನು ಅಲ್ಲಿ ನಿಂತಿದ್ದವರಿಗೂ ಹೇಳಿದೆ. ನಾಚಿಕೆಯಾಯಿತು, ಬೆವರು ಬರುವಷ್ಟು ನಾಚಿಕೆ.

ಮರ್ಲ್ ಅವರ ಹಾಳೆಯಲ್ಲಿ ಕಳೆದಿದ್ದ ಅಂಕವನ್ನು ಡ್ವೇಯ್ನ್ ಅಲ್ಲೇ ತಿದ್ದಿದ. ಮುದುಕರು ಪೆನ್ನು ವಾಪಸು ಕೊಟ್ಟು, ತಪ್ಪು ನನ್ನ ಮರೆವಿನದಲ್ಲ ಅಂತಾಯ್ತಲ್ಲ ಎಂದು ಎರಡು ಸಲ ಹೇಳಿಕೊಂಡರು. ಅರ್ಧ ಗಂಟೆಯಲ್ಲಿ ಮೈಕಿನಲ್ಲಿ ಕೂಗಿಸಿದರು: ಡಿಕ್ಕಿಯ ಬಲಮೂಲೆಯ ಹಳದಿ ಗುರುತು ಪಟ್ಟಿಯಿಂದ ರದ್ದಾಗಿದೆ, ನಾಳೆಯ ತೀರ್ಪಿಗೆ ಮುಂಚೆ ತೆಗೆಯಬೇಕು. ಸಾಲಿನುದ್ದಕ್ಕೂ ಡಿಕ್ಕಿಗಳು ತೆರೆದುಕೊಂಡವು. ಕೈಯಲ್ಲಿ ಚಿಂದಿ, ಥಿನ್ನರ್ ಡಬ್ಬಿ.

ಆರ್ಲೀನ್ ಸಾಬೋ ಮಾತ್ರ ತನ್ನ ಬಿಳಿ ಗಾಡಿಯ ಡಿಕ್ಕಿ ತೆರೆದಿಟ್ಟು ಕೈಕಟ್ಟಿ ನಿಂತಿದ್ದಳು. ವರ್ನಾಳ ಪೀಚ್ ಹಣ್ಣನ್ನು ಅವಳು ಎಷ್ಟೋ ಮೇಳಗಳಲ್ಲಿ ತಿಂದವಳು. ನಾನು ಹತ್ತಿರ ಹೋದಾಗ, ‘ನಾನು ಒರೆಸಲ್ಲ ಲೀಲಂಡ್, ಹೋದರೆ ಒಂದು ಅಂಕ ತಾನೇ ಹೋಗೋದು, ಹೋಗಲಿ ಬಿಡು, ವರ್ನಾ ಇರಲಿ ಇಲ್ಲಿ’ ಎಂದಳು. ಅವಳ ಕಣ್ಣು ತುಂಬಿತ್ತು.

ನಾನು ಬಗ್ಗಿ ನೋಡಿದೆ. ಅರ್ಧಚಂದ್ರ, ಕೆಳಗಿನಿಂದ ಮೇಲಕ್ಕೆ ಎಳೆದ ಗೀಟು. ಎರಡು ವರ್ಷದ ಹಿಂದೆ ಅದನ್ನು ಅವಳ ಗಾಡಿಯಲ್ಲಿ ಬರೆದುಕೊಟ್ಟವನು ನಾನೇ. ನಿನ್ನ ಕೈ ಕೂತಿದೆ, ನೀನೇ ಬರೆದುಕೊಡು ಎಂದು ಅವಳು ಕೇಳಿದ್ದಳು.

‘ಒರೆಸ್ಬಿಡು ಆರ್ಲೀನ್’ ಎಂದೆ. ‘ವರ್ನಾ ಬರೆದಿದ್ದು ಇದಲ್ಲ. ಅವಳು ಬರೆದಿದ್ದು ಒಂದೇ ಒಂದು. ಅದನ್ನ ನಾನೇ ಅಳಿಸ್ದೆ.’

ಡಿಕ್ಕಿಯ ಅಂಚು ಹಿಡಿದುಕೊಂಡೆ. ಮೂರು ವರ್ಷದಿಂದ ಬಾರದೆ ಇದ್ದ ಅಳು ಆ ಹುಲ್ಲಿನ ಮೇಲೆ, ಎಲ್ಲರ ಎದುರಿಗೆ ಬಂತು. ಆರ್ಲೀನ್ ಚಿಂದಿಗೆ ಥಿನ್ನರ್ ಸುರಿದುಕೊಂಡಳು. ಒರೆಸಲು ಎರಡು ನಿಮಿಷ ಕೂಡ ಹಿಡಿಯಲಿಲ್ಲ.